ಮೆಂಬರ್ ಗಂಡಂದಿರು

ಪಂಚಾಯ್ತಿ ಕಚೇರಿಯ ಗೇಟಿನ ಹೊರಗೆ ಐವರು ಗಂಡಸರು ಮಿರ್ಚಿ ತಿನ್ನುತ್ತ ನಿಂತಿದ್ದರು. ಒಳಗೆ ಅಧ್ಯಕ್ಷರ ಆಯ್ಕೆ ನಡೆದಿತ್ತು. ಈ ಸಲ ಆ ಸ್ಥಾನ ಮಹಿಳೆಗೆ ಮೀಸಲು. ಒಂಬತ್ತು ಸದಸ್ಯರಲ್ಲಿ ಆರು ಮಂದಿ ಹೆಂಗಸರು. ವಿಧವೆ ವಿರುಪಮ್ಮನನ್ನು ಬಿಟ್ಟರೆ ಉಳಿದ ಐವರ ಗಂಡಂದಿರೇ ಇವರು.

ಹೆಂಡತಿ ಕೊಟ್ರಬಸಮ್ಮನನ್ನು ಅಧ್ಯಕ್ಷೆ ಮಾಡಲು ಹೊರಟ ಸಿದ್ದಲಿಂಗೇಶ್, ಮತ ಒಡೆಯಬಾರದೆಂದು ಉಳಿದ ನಾಲ್ವರನ್ನು ಮೂರು ದಿನ ಹಂಪಿಯ ಗೆಸ್ಟ್‌ಹೌಸಿನಲ್ಲಿ ಕೂಡಿಹಾಕಿದ್ದ. ಮತವಿದ್ದದ್ದು ಹೆಂಡಂದಿರಿಗೆ, ಅವರು ಊರಲ್ಲೇ ಇದ್ದರು. ಇಷ್ಟು ಸಣ್ಣ ಮಾತು ಐವರು ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಚುನಾವಣಾಧಿಕಾರಿ ಹೊರಬಂದು ಹೇಳಿದರು: "ಒಂದೇ ನಾಮಪತ್ರ ಬಂದಿದೆ. ವಿರುಪಮ್ಮ ಅವಿರೋಧವಾಗಿ ಆಯ್ಕೆಯಾಗಿದ್ದಾರೆ."

ಸಿದ್ದಲಿಂಗೇಶನ ಮುಖ ಕಪ್ಪಿಟ್ಟಿತು. ಹೆಂಡತಿ ಹೊರಬಂದೊಡನೆ ಕೇಳಿದ, "ಫಾರಂ ಕೊಡಲಿಲ್ಲೇನು?"

"ನನಗ ಬ್ಯಾಡಂತ ಮೊದಲೇ ಹೇಳಿದ್ನಲ್ರಿ. ನೀವು ಕೇಳಲಿಲ್ಲ," ಎಂದಳು ಕೊಟ್ರಬಸಮ್ಮ.

ನಾಲ್ವರಲ್ಲೊಬ್ಬನಾದ ಹುಲುಗಪ್ಪ, ಹಿಂದೆಯೇ ಬಂದ ತನ್ನ ಹೆಂಡತಿ ಹೇಮಾಳತ್ತ ತಿರುಗಿದ. "ನಾ ಇವರಿಗೆ ಮಾತು ಕೊಟ್ಟಿದ್ದೆ. ಯಾರನ್ನ ಕೇಳಿ ಹಿಂಗ ಮಾಡಿದ್ರಿ?"

"ನಿಮ್ಮನ್ನ ಕೇಳಾಕ ಮೂರು ಸಲ ಫೋನ್ ಮಾಡಿದೆ. 'ರಾಜಕೀಯ ಮಾತಾಡಾಕತ್ತೀವಿ, ಇಡು' ಅಂದ್ರಿ," ಎಂದಳು ಹೇಮಾ. ದನಿ ಏರಿರಲಿಲ್ಲ. "ನಮ್ಮ ವಾರ್ಡಿಗೆ ನೀರು ಬಂದು ಎಂಟು ದಿನ ಆತು. ವಿರುಪಮ್ಮಕ್ಕ ನಮ್ಮನ್ನ ಕರಕೊಂಡು ಹೊಸಪೇಟಿ ಆಫೀಸಿಗೆ ಎರಡು ಸಲ ಅಡ್ಡಾಡ್ಯಾಳ. ನೀವು ಅಧ್ಯಕ್ಷರನ್ನ ಮಾಡಾಕ ಹೋದಾಗ ನೀರಿನ ಮಾತು ಬಂತೇನ್ರಿ?"

ಬಂದಿರಲಿಲ್ಲ. ಮೂರು ದಿನ ಇಸ್ಪೀಟು, ಕೋಳಿ ಸಾರು, ಯಾರಿಗೆ ಯಾವ ಗುತ್ತಿಗೆ ಎಂಬ ಲೆಕ್ಕ, ಅಷ್ಟೇ. ಹುಲುಗಪ್ಪನಿಗೆ ತಲೆ ಎತ್ತಲಾಗಲಿಲ್ಲ. ಊರ ಜನ ಕೇಳುತ್ತಿದ್ದಾರೆಂಬ ನಾಚಿಕೆ ಒಂದಾದರೆ, ಮನೆಗೆ ನೀರು ಬಾರದಿದ್ದುದೂ ತನಗೆ ತಿಳಿದಿರಲಿಲ್ಲವಲ್ಲ ಎಂಬ ನಾಚಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಆಗ ಫೋಟೋದವನು ಹೊಸ ಅಧ್ಯಕ್ಷೆಯನ್ನೂ ಸದಸ್ಯರನ್ನೂ ಮೆಟ್ಟಿಲ ಮೇಲೆ ನಿಲ್ಲಿಸಿದ. ವಾಡಿಕೆಯಂತೆ ಉಳಿದ ಗಂಡಂದಿರು ಮುಂದಿನ ಸಾಲಿಗೆ ನುಗ್ಗಿದರು. ಸೋತರೂ ಫೋಟೋ ಬಿಡುವವನಲ್ಲ ಸಿದ್ದಲಿಂಗೇಶ್.

"ಬಾರಲೇ ಹುಲುಗ್ಯಾ, ಜಾಗ ಐತಿ," ಎಂದು ಕರೆದ.

ಹೇಮಾ ಹಿಂದಿನ ಸಾಲಿನಲ್ಲಿದ್ದಳು. ಸಿದ್ದಲಿಂಗೇಶನ ಭುಜದಾಚೆ ಅವಳ ಹಣೆಯಷ್ಟೇ ಕಾಣುತ್ತಿತ್ತು.

ಹುಲುಗಪ್ಪ ಗೇಟು ದಾಟಿ ಬಂದು ಸಿದ್ದಲಿಂಗೇಶನ ಕೈ ಹಿಡಿದು ಮೆಲ್ಲಗೆ ಹೇಳಿದ: "ಇಳಿ ಮಾರಾಯ. ಅವರು ಕಾಣವಲ್ರು."