ಕಣ್ಣು ಮುಚ್ಚಿದವರ ನಡುವೆ

ಹಿತವಾಗಿದೆ, ಎಡಮೊಣಕೈಯ ಒಳಬದಿಯಲ್ಲಿ ಒಂದು ಬೆಚ್ಚಗಿನ ಹಿತ, ಕಾಸಿದ ತೆಂಗಿನೆಣ್ಣೆಯನ್ನು ಯಾರೋ ಸವರಿದ ಹಾಗೆ, ಕಡಲು ದಾಟಿ ಬಂದ ಈ ಹಾಳು ಟೊಕೊರೋವಾ ಪಟ್ಟಣದ ಚಳಿಯಲ್ಲಿ ತನ್ನ ಕೈ ಇಷ್ಟು ಬೆಚ್ಚಗಿದ್ದದ್ದು ಯಾವಾಗ ಎಂದುಕೊಂಡ ನೂರೋವಾ, ಅಕ್ಕ ಹೊದಿಸಿದ್ದು ಒಳ್ಳೆಯದೇ ಆಯಿತು, ಟುವಾಯಿನೆ ಅಕ್ಕ ವರ್ಷಗಟ್ಟಲೆ ಕೂತು ಹೊಲಿದ ತಿವಾಯಿವಾಯಿ, ಕಡುಗೆಂಪು ಬಟ್ಟೆಯ ಮೇಲೆ ಹಳದಿ ದಾಸವಾಳ, ಮದುವೆಗೋ ಸಾವಿಗೋ ಬಿಟ್ಟರೆ ಪೆಟಾರಿಯಿಂದ ಹೊರಗೆ ಬರದ ಹೊದಿಕೆ, ಇವತ್ತು ಮಂಗಾಯಾ ದ್ವೀಪದಿಂದ ಪಾದ್ರಿಗಳು ಬಂದಿದ್ದಾರೆಂದು ತೆಗೆದಳು, ಊರ ಪಾದ್ರಿಗಳ ಎದುರಿಗೆ ನನ್ನ ತಮ್ಮ ಕೊಳವೆ ಚುಚ್ಚಿಸ್ಕೊಂಡ ಕೈ ತೋರಿಸ್ಕೊಂಡು ಕೂತಿರೋದಾ, ಮಾನ ಮರ್ಯಾದೆ ಬೇಡ್ವಾ ಅಕಾಯ್ತಿ ನಿಮ್ಮನೇಲಿ — ಹೆಂಡತಿ ಅಕಾಯ್ತಿ ಏನೋ ಹೇಳಲು ಬಾಯಿ ತೆರೆದಳು, ಅತ್ತಿಗೆಯ ಮುಖ ನೋಡಿ ಮುಚ್ಚಿದಳು, ಈಗ ಎಲ್ಲರದ್ದೂ ಕಣ್ಣು ಮುಚ್ಚಿದೆ, ಸೋಫಾದ ಮೇಲೆ, ಚಾಪೆಯ ಮೇಲೆ, ಅಡುಗೆಮನೆಯ ಬಾಗಿಲಲ್ಲಿ, ಎಲ್ಲಿ ನೋಡಿದರೂ ಇಳಿಬಿದ್ದ ರೆಪ್ಪೆಗಳು, ಪಾದ್ರಿಗಳ ಪ್ರಾರ್ಥನೆ ಇನ್ನೂ ಊರಿನಲ್ಲೇ ಇದೆ, ಹಡಗು ಹತ್ತಿಲ್ಲ, ಆದಿಯಿಂದ ಶುರು ಮಾಡಿದ್ದಾರೆ, ತಾತಂದಿರ ಹೆಸರುಗಳೇ ಮುಗಿದಿಲ್ಲ, ಪಕ್ಕದಲ್ಲಿ ಡಯಾಲಿಸಿಸ್ ಯಂತ್ರ ಮಾತ್ರ ತನ್ನ ಪಾಡಿಗೆ ಒಂದು ಸೂಜಿಯಿಂದ ರಕ್ತ ಎಳೆದು, ತೊಳೆದು, ಇನ್ನೊಂದು ಸೂಜಿಯಿಂದ ಒಳಗೆ ಬಿಡುತ್ತಿದೆ, ಹಸಿರು ದೀಪ, ಎಲ್ಲ ಸರಿಯಿದೆ ಎನ್ನುವ ದೀಪ, ಊರಿನಲ್ಲಿ ಈ ಯಂತ್ರವಿಲ್ಲ, ಇದ್ದಿದ್ದರೆ ಅಪ್ಪ ಹಾಗೆ ಕಾಲು ಊದಿಕೊಂಡು ಹೋಗುತ್ತಿರಲಿಲ್ಲ, ಅಪ್ಪನ ಕೆಸುವಿನ ಗದ್ದೆ, ಮಧ್ಯಾಹ್ನದ ಬಿಸಿಲಿಗೆ ಕಾದ ಕೆಸರು, ಕಾಲಿಟ್ಟರೆ ಬೆರಳ ಸಂದಿಯಲ್ಲಿ ಬೆಚ್ಚಗೆ ಮೇಲೇರುವ ಕೆಸರು, ಹೀಗೆಯೇ, ಈಗ ಮೊಣಕೈಯಿಂದ ಮುಂಗೈಗೆ ಇಳಿಯುತ್ತಿರುವ ಹಾಗೆ, ಬೆಚ್ಚಗೆ, ಒದ್ದೆಯಾಗಿ.

ಒದ್ದೆ ಯಾಕೆ, ಬೆವರು, ಇಷ್ಟು ದಪ್ಪದ ಹೊದಿಕೆ, ಇಷ್ಟು ಜನ, ಬೆವರದೆ ಏನು, ಹೋದ ಭಾನುವಾರವೂ ಬೆವರೇ, ಸೂಜಿಯ ಪಕ್ಕ ಅಂಟಿಸುವ ಆ ಪುಟ್ಟ ಪಟ್ಟಿಗೆ ಬೆವರಾದರೇನು ರಕ್ತವಾದರೇನು, ಒದ್ದೆ ತಾಗಿದರೆ ಸಾಕು ಅದರ ಪೆಟ್ಟಿಗೆ ಮನೆ ಹಾರಿಹೋಗುವ ಹಾಗೆ ಕಿರುಚುತ್ತದೆ, ಕಿರುಚಿತು, ಪ್ರಾರ್ಥನೆಯ ನಟ್ಟನಡುವೆ, ಅಕ್ಕ ನಾಚಿಕೆಯಿಂದ ಅತ್ತೇಬಿಟ್ಟಳು, ಆ ಪೆಟ್ಟಿಗೆಗೆ ದೇವರ ಭಯಾನೂ ಇಲ್ಲ, ಮನುಷ್ಯರ ಭಯಾನೂ ಇಲ್ಲ ಕಣೋ, ಅದಕ್ಕೇ ಇವತ್ತು ತಾನೇ ಹೇಳಿದ, ಆರಿಸಿಬಿಡೇ, ಇದೊಂದು ಪ್ರಾರ್ಥನೆ ಮುಗೀಲಿ, ಅಕಾಯ್ತಿ ಆರಿಸಿ ಅಂಗಿಯ ಜೇಬಿಗೆ ಹಾಕಿಕೊಂಡಳು, ಜೇಬಿನಲ್ಲಿ ಅದೂ ಕಣ್ಣು ಮುಚ್ಚಿಕೊಂಡಿದೆ — ಆದರೆ ಬೆವರು ತಣ್ಣಗಾಗುತ್ತದಲ್ಲ, ಬೆವರು ನಿಂತಲ್ಲೇ ತಣ್ಣಗಾಗುತ್ತದೆ, ಇದು ತಣ್ಣಗಾಗುತ್ತಿಲ್ಲ, ಹಿಂದಿನದು ಆರುವ ಮೊದಲೇ ಹೊಸದಾಗಿ ಬೆಚ್ಚಗೆ ಬರುತ್ತಿದೆ, ನರ್ಸ್ ಹೀದರ್ ಬೆರಳೆತ್ತಿ ಹೇಳಿದ್ದು, ಕೈ ಯಾವಾಗ್ಲೂ ಕಣ್ಣಿಗೆ ಬೀಳ್ತಿರ್ಬೇಕು ನೂರೋವಾ, ಹೊದಿಕೆ ಗಿದಿಕೆ ಏನೂ ಬೇಡ, ಸೂಜಿ ಜಾರಿದ್ರೆ ದೊಡ್ಡ ಯಂತ್ರಕ್ಕೆ ಗೊತ್ತಾಗ್ದೇ ಇರಬಹುದು, ಅದು ಒಳಗೆ ಬಿಡ್ತಿದೀನಿ ಅಂದ್ಕೊಂಡು ಹೊರಗೆ ಸುರೀತಾನೇ ಇರುತ್ತೆ, ಕೆಲವೇ ನಿಮಿಷ ಸಾಕು ಮುಗಿಯೋಕೆ — ಹಸಿರು ದೀಪ, ಎಲ್ಲ ಸರಿಯಿದೆ, ತಲೆ ಬಗ್ಗಿಸಿ ನೋಡಿದ, ಕೆಂಪು ಬಟ್ಟೆಯ ಮೇಲೆ ಕೆಂಪು ಏನು ಕಾಣಬೇಕು, ತುಸು ಕಪ್ಪಾದ ಹಾಗಿದೆ, ಇಲ್ಲ, ನೆರಳು, ಒಂದು ಹಳದಿ ದಾಸವಾಳ ಎಲ್ಲಿ ಹೋಯಿತು, ಸತ್ತೆ, ಎಂದುಕೊಂಡ, ಬಲಗೈ ಅಕ್ಕನ ಎರಡೂ ಕೈಗಳಲ್ಲಿ ಸಿಕ್ಕಿಕೊಂಡಿದೆ, ಎಳೆದರೆ ಅವಳು ಇನ್ನೂ ಬಿಗಿ ಹಿಡಿಯುತ್ತಾಳೆ, ತಮ್ಮನಿಗೆ ಪವಿತ್ರಾತ್ಮ ಇಳಿಯಿತು ಅಂದುಕೊಂಡಳೋ ಏನೋ.

ಕೂಗು, ಕೂಗೋ ನೂರೋವಾ, ಏನೆಂದು ಕೂಗಲಿ, ಪ್ರಾರ್ಥನೆಯ ನಡುವೆ ಬಾಯಿ ತೆರೆದವರುಂಟೇ, ಸಭೆಯ ಹಿರಿಯನಾಗಿ ತಾನೇ ಎಷ್ಟು ಮಕ್ಕಳ ತಲೆಗೆ ಮೊಟಕಿಲ್ಲ, ಬೆವರೇ ಆಗಿದ್ದರೆ, ಇನ್ನೊಮ್ಮೆ ಅಕ್ಕನ ಮಾನ ಹೋದರೆ, ಪಾದ್ರಿಗಳು ಈಗ ಸಮುದ್ರ ದಾಟಿದರು, ಈ ನಿನ್ನ ಸೇವಕನ ಮೇಲೆ ನಿನ್ನ ದೃಷ್ಟಿಯಿರಲಿ ತಂದೆಯೇ, ಹಗಲೂ ರಾತ್ರಿ ಇರಲಿ, ಅಕಾಯ್ತೀ ಎಂದ, ತುಟಿ ಮಾತ್ರ ಅಲುಗಿತು, ಕಿವಿಯಲ್ಲಿ ಅಲೆಯ ಮೊರೆತ, ಅವಳು ಎದುರಿಗೇ ಇದ್ದಾಳೆ, ಮೂರು ಹೆಜ್ಜೆ ಆಚೆ, ಗಂಡನಿಗಾಗಿ ಎಷ್ಟು ಗಟ್ಟಿಯಾಗಿ ಕಣ್ಣು ಮುಚ್ಚಿದ್ದಾಳೆಂದರೆ ಹಣೆಯೆಲ್ಲ ನಿರಿಗೆ, ಇವರೆಲ್ಲ ನನಗಾಗಿಯೇ ಮುಚ್ಚಿದ್ದು, ಪಾಪ, ನನ್ನ ಮೇಲಿನ ಪ್ರೀತಿಗೇ, ಆ ರೆಪ್ಪೆಗಳು, ತೆರೆಯಲಿ, ಒಂದಾದರೂ ತೆರೆಯಲಿ, ಯಾವಾಗ ತೆರೆಯುತ್ತವೆ, ಮುಗಿದ ಮೇಲೆ, ಮುಗಿಯುವುದು ಯಾವಾಗ, ಆ ಒಂದು ಮಾತು ಬಂದಾಗ — ಉಸಿರೆಲ್ಲ ಒಟ್ಟುಮಾಡಿಕೊಂಡು, ಪಾದ್ರಿಗಳ ವಾಕ್ಯ ಅರ್ಧದಲ್ಲಿರುವಾಗಲೇ, ಆಮೆನೆ, ಎಂದ ನೂರೋವಾ, ಆಮೆನೆ, ಎಂದಿತು ಕೋಣೆಯೆಲ್ಲ, ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಅಕ್ಕನ ಹಿಡಿತ ಸಡಿಲವಾಯಿತು, ರೆಪ್ಪೆಗಳು ಎದ್ದವು, ಹೊದಿಕೆ ಎಳೆದ, ನೆನೆದ ಬಟ್ಟೆ ಇಷ್ಟು ಭಾರವೇ, ಅಯ್ಯೋ ನನ್ನಪ್ಪಾ ಎಂದು ಅಕ್ಕ, ಜಾಗ ಬಿಡಿ ಅತ್ತಿಗೆ, ಪಕ್ಕಕ್ಕೆ ಹೋಗಿ ಅಂದೆ ಎಂದು ಅಕಾಯ್ತಿ, ಅತ್ತಿಗೆಗೆ ಎಂದೂ ದನಿಯೆತ್ತಿದವಳಲ್ಲ, ಪಂಪಿನ ಸದ್ದು ನಿಂತಿತು, ಕೊಳವೆಗೆ ಚಿಮಟ ಬಿತ್ತು, ಸೂಜಿ ಕಿತ್ತುಬಂದ ಕಡೆ ಅವಳ ಹೆಬ್ಬೆರಳು, ಯಾರಾದ್ರೂ ಆಂಬುಲೆನ್ಸ್ ಕರೀರಿ, ಕಾಲು ಮೇಲೆತ್ತಿ ಹಿಡೀರಿ, ಒತ್ತಿ ಹಿಡಿದಿದ್ದಾಳೆ, ನೋವಾಗುತ್ತದೆ, ನೋವಾಗಲಿ, ಪಾದ್ರಿಗಳ ಮುಖ ಅಲುಗುತ್ತಿದೆ, ಗೋಡೆ ಅಲುಗುತ್ತಿದೆ, ನಿದ್ದೆ, ಕೆಸರು ಬೆಚ್ಚಗಿದೆ, ನೂರೋವಾ, ಇಲ್ಲಿ ನೋಡು, ನನ್ನೇ ನೋಡು, ಕಣ್ಣು ಮುಚ್ಚಿದ್ರೆ ನೋಡ್ಕೋ ನಿನಗೆ, ಮುಚ್ಚಬೇಡ್ವೋ, ನಾನೂ ಮುಚ್ಚಲ್ಲ — ಅವಳ ಕಣ್ಣು, ಒದ್ದೆ, ಕೆಂಪು, ತೆರೆದ ಕಣ್ಣು, ಅವಳ ಕಣ್ಣು, ರೆಪ್ಪೆ ಬಡಿಯದ ಎರಡು ಕಣ್ಣು, ಕಣ್ಣು