ಗಾಜಿನ ಪೆಟ್ಟಿಗೆಯೊಳಗಿನ ವಿಮಾನ

“ಇದರಾಗ ಮೊದಲ ಕೂಡಾವ್ರು ಯಾರಿದ್ದಾರೋ ಏನೋ?”

ಹೀಗೆ ಕೇಳಿದವನು ಮೋನಪ್ಪ ಬಡಿಗೇರ. ಕೇಳಿದ್ದು ಯಾರನ್ನೂ ಅಲ್ಲ. ಅವನ ಚಪ್ಪರದಡಿ ಆಗ ಇದ್ದದ್ದು ಅವನೊಬ್ಬ, ಒಂದಿಷ್ಟು ಕಟ್ಟಿಗೆಯ ಹೊಟ್ಟು, ಮತ್ತು ಆಗತಾನೆ ಕಾಲೂರಿ ನಿಂತ ನಾನು. ಉಳಿಯನ್ನು ಕೆಳಗಿಟ್ಟು, ಅಂಗೈಯಿಂದ ನನ್ನ ಬೆನ್ನು ಸವರುತ್ತ ಅವನು ಆ ಮಾತಾಡಿದ. ಈ ರೂಪದಲ್ಲಿ ನಾನು ಕೇಳಿದ ಮೊದಲ ಮಾತು ಅದೇ.

ನಾನು ಒಂದು ವಿಮಾನ. ಆಕಾಶದಲ್ಲಿ ಹಾರುವಂಥದ್ದಲ್ಲ. ನಮ್ಮ ಜನ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಮೈ ಮೆದುವಾಗಿರುವಾಗಲೇ ಕಾಲು ಮಡಿಸಿ, ಹಣೆಗೆ ವಿಭೂತಿ ಧರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕುಳಿತಂತೆ ಕೂಡಿಸುತ್ತಾರೆ. ಹಾಗೆಯೇ ಒಯ್ದು ಮಣ್ಣಿನಲ್ಲೂ ಕೂಡಿಸುತ್ತಾರೆ. ಅವರನ್ನು ಕೂಡಿಸಿಕೊಂಡು ಹೋಗುವ ಕಟ್ಟಿಗೆಯ ಆಸನವೇ ವಿಮಾನ. ನನಗೆ ಅಗಲವಾದ ಮಣೆಯಿದೆ, ಆತುಕೊಳ್ಳಲು ಬೆನ್ನಿದೆ, ಮೂಲೆಗಳಿಗೆ ಕಂಬಗಳಿವೆ, ಮೇಲೊಂದು ಕಮಾನಿದೆ. ಬದಿಯ ಕಬ್ಬಿಣದ ಬಳೆಗಳಲ್ಲಿ ಉದ್ದನೆಯ ಬಿದಿರು ತೂರಿಸಿ ನನ್ನನ್ನು ಹೆಗಲಿಗೆ ಏರಿಸುತ್ತಾರೆ.

ಅದಕ್ಕೂ ಮೊದಲು ನಾನು ಚಂಬವ್ವ ಎಂಬ ಮುದುಕಿಯ ಮನೆಯ ಬಾಗಿಲಾಗಿದ್ದೆ. ಅವಳ ಗಂಡ ತೀರಿಕೊಂಡಾಗ ಪೇಟೆಯಲ್ಲಿ ವಿಮಾನವಿರಲಿಲ್ಲ. ನೆರೆಯೂರಿನದು ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಏಣಿಯ ಮೇಲೆ ಮಲಗಿಸಿಯೇ ಒಯ್ದಿದ್ದರು. ಆ ಏಣಿ ಅವಳ ಕಣ್ಣಿನಿಂದ ಮರೆಯಾಗಲಿಲ್ಲ. ಕೊನೆಗೊಂದು ದಿನ ಬಾಗಿಲನ್ನೇ ಬಿಚ್ಚಿಸಿ ಮೋನಪ್ಪನ ಚಪ್ಪರಕ್ಕೆ ಕಳಿಸಿದಳು.

“ಬಾಗಿಲಿಲ್ಲದ ಮನ್ಯಾಗ ಹೆಂಗ ಇರ್ತೀಯಬೇ?” ಎಂದು ಅವನು ಕೇಳಿದ.

“ಕಳ್ಳರು ಬಂದ್ರ ಏನ ಒಯ್ತಾರೋ? ನನ್ನ ಒಯ್ದ್ರ ಅವರ ಹಣಿಬರ.”

ನಾನು ಸಿದ್ಧವಾದಾಗ ಅವಳು ನನ್ನನ್ನು ಪೇಟೆಯ ಭಜನಾ ಮಂಡಳಿಗೆ ಒಪ್ಪಿಸಿದಳು. ಹೆಸರು ಕೆತ್ತಿಸಲಿಲ್ಲ. ಒಂದೇ ಮಾತು ಹೇಳಿದಳು: “ಯಾರ ಕೇಳಿದ್ರೂ ಇಲ್ಲ ಅನಬ್ಯಾಡ್ರಿ. ಅಷ್ಟ.”

ಮೋನಪ್ಪನ ಪ್ರಶ್ನೆಗೆ ಉತ್ತರ ಬಂದದ್ದು ಆ ಬೇಸಗೆಯಲ್ಲಿ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಪರವೂರಿನವನೊಬ್ಬ ಕುಳಿತಲ್ಲೇ ಉಸಿರು ಬಿಟ್ಟಿದ್ದ. ಕೊರಳಲ್ಲಿ ಲಿಂಗವಿತ್ತು. ಹೆಸರು ಯಾರಿಗೂ ಗೊತ್ತಿರಲಿಲ್ಲ. ಮಂಡಳಿಯ ಒಬ್ಬ ಹಿರಿಯ, “ಗುರ್ತಿಲ್ಲದವನ್ನ ಹೊಸಾ ವಿಮಾನದಾಗ ಕೂಡಸೂದೇನು?” ಎಂದ.

“ಅವನ ಗುರ್ತು ಶಿವಗ ಐತಿ,” ಎಂದಳು ಚಂಬವ್ವ. “ನಿನ್ನ ಗುರ್ತು ಐತೋ ಇಲ್ಲೋ, ಅದನ್ನ ನೋಡ್ಕೊ ನೀ.”

ಹೀಗೆ ನನ್ನಲ್ಲಿ ಮೊದಲು ಕುಳಿತವನಿಗೆ ಹೆಸರೇ ಇರಲಿಲ್ಲ. ಅವನ ಮುಂದೆಯೂ ತಾಳ ಮದ್ದಳೆ ನುಡಿದವು, ಪದ ಹಾಡಿದರು. ಆ ಹಾಡು ಹೆಗಲಿಂದ ಬಿದಿರಿಗೆ, ಬಿದಿರಿನಿಂದ ನನ್ನ ಮೈಗೆ ಇಳಿಯಿತು. ಅಂದಿನಿಂದ ನಾನು ಕೇಳುತ್ತ ಬೆಳೆದವನು. ಶರಣರ ಮಾತುಗಳನ್ನು ಅಷ್ಟು ಹತ್ತಿರದಿಂದ ಕೇಳುವ ಭಾಗ್ಯ ಗುಡಿಯ ಕಂಬಕ್ಕೂ ಇರಲಿಕ್ಕಿಲ್ಲ. ಮೈ ಎಂಬುದು ಬಾಡಿಗೆಯ ಮನೆ, ಕರೆ ಬಂದಾಗ ಏಳಬೇಕು ಎಂದು ಹಾಡುವರು. ಹಾಡಿದವರೂ ಒಂದು ದಿನ ಬಂದು ನನ್ನಲ್ಲಿ ಕೂಡುವರು. ಚಂಬವ್ವನೂ ಕುಳಿತಳು. ಹಕ್ಕಿಯಷ್ಟು ಹಗುರಾಗಿದ್ದಳು.

ಸಿದ್ಧನಹಳ್ಳದ ದಂಡೆಯ ರುದ್ರಭೂಮಿ ನನ್ನ ದಾರಿಯ ಕೊನೆ. ಅಲ್ಲಿ ಕುಣಿ ತೋಡುವವನು ದ್ಯಾಮಣ್ಣ. ಕುಣಿಗೆ ಇಳಿಯಲು ಮೆಟ್ಟಿಲು ಕಡಿದು, ಒಂದು ಬದಿಗೆ ದೇವರ ಮಾಡದಂಥ ಗೂಡು ಕೊರೆಯುತ್ತಿದ್ದ. ನನ್ನನ್ನು ಅಂಚಿಗೆ ಇಳಿಸಿದ ಮೇಲೆ, ಒಳಗೆ ನಿಂತು ಎರಡೂ ತೋಳು ಚಾಚಿ ಸತ್ತವರನ್ನು ಎತ್ತಿಕೊಳ್ಳುತ್ತಿದ್ದ. ಎತ್ತಿಕೊಳ್ಳುತ್ತ ಅವರೊಡನೆ ಮಾತಾಡುತ್ತಿದ್ದ. “ಸಾವಕಾಶ ಯವ್ವಾ, ಮೆಟ್ಲ ಐತಿ.” “ಯಜಮಾನ್ರ, ತಲಿ ಬಗ್ಗಸ್ರಿ, ಗೂಡು ಗಿಡ್ಡ ಐತಿ.” ಹೊಸ ಕುಣಿ ತೋಡುವಾಗ ಹಳೆಯ ಎಲುಬು ಸಿಕ್ಕರೆ ಅದನ್ನು ಬದಿಗೆ ಸರಿಸಿ, “ಚೂರು ಸರದ ಕುಂಡ್ರು ಅಣ್ಣಾ, ಬೀಗರು ಬಂದಾರ,” ಎನ್ನುತ್ತಿದ್ದ.

ಎಲ್ಲ ಮುಗಿದ ಮೇಲೆ ನನ್ನನ್ನು ಹಳ್ಳದ ನೀರಿನಲ್ಲಿ ತೊಳೆಯುತ್ತಿದ್ದ. ಮುದ್ದೆಗಟ್ಟಿದ ಹೂ, ವಿಭೂತಿಯ ಬಿಳುಪು ಎಲ್ಲವನ್ನೂ ಒರೆಸಿ, ಮಣೆಯನ್ನು ಕೈಯಿಂದ ಒತ್ತಿ ನೋಡುತ್ತಿದ್ದ. ತಾನು ಮಾತ್ರ ಎಂದೂ ಕೂಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವನ ಹೆಂಡತಿ ಸಾವಂತ್ರೆವ್ವ ರೊಟ್ಟಿ ತಂದಿದ್ದಳು.

“ಏ ಸಾವಂತ್ರಿ, ನಾ ಹ್ವಾದಾಗ ಮತ್ತೇನೂ ಬ್ಯಾಡ. ಇದರಾಗ ಕೂಡಿಸಿ ಕಳಸ.”

“ನೀ ಒಂದ ಕಡೆ ಸುಮ್ಮ ಕುಂತದ್ದು ನಾ ಮದಿವಿ ಆದಾಗಿಂದ ಕಂಡಿಲ್ಲ. ಸತ್ತ ಮ್ಯಾಲರ ಕೂಡತಿಯೇನ?”

“ಅದಕ್ಕ ಹೇಳಾಕತ್ತೀನಿ. ಬಿಗದ ಕಟ್ಟು.”

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವಳು ರೊಟ್ಟಿಯ ಬುತ್ತಿ ಬಿಚ್ಚುತ್ತ, “ಆತು ತಗೊ, ಕೂಡಸ್ತೀನಿ,” ಎಂದಳು. ಅದು ನಗುವಿನ ಮಾತಾಗಿರಲಿಲ್ಲ. ನಾನು ಕೇಳಿಸಿಕೊಂಡೆ.

ನಮ್ಮೂರಿನ ಬಾಪುಗೌಡರು ಮಂತ್ರಿಯಾದ ಮೇಲೆ ರುದ್ರಭೂಮಿಯ ಮೂಡಣ ದಿಕ್ಕಿಗೆ ಗೋಡೆ ಎದ್ದಿತು. ನೆರಳಿದ್ದ ಭಾಗ ಅದೊಂದೇ. ಬೇವು, ಬನ್ನಿ, ಪತ್ರಿಯ ಗಿಡಗಳೆಲ್ಲ ಗೋಡೆಯೊಳಗಾದವು. ಮೊದಲು ಅಲ್ಲಿ ಗೌಡರ ತಾಯಿಯ ಗದ್ದುಗೆ ಕಟ್ಟಿದರು. ಆಮೇಲೆ ಮಾಜಿ ಶಾಸಕರೊಬ್ಬರು ಬಂದರು, ಜಿಲ್ಲಾ ಪರಿಷತ್ತಿನ ಅಧ್ಯಕ್ಷರು ಬಂದರು, ಅವರನ್ನು ಕೆಳಗಿಳಿಸಿದವರೂ ಬಂದರು. ಬದುಕಿದ್ದಾಗ ಒಬ್ಬರ ನೆರಳು ಒಬ್ಬರಿಗೆ ಆಗದವರು ಗ್ರಾನೈಟು ಹೊದ್ದು ಒಂದೇ ಸಾಲಿನಲ್ಲಿ ಕುಳಿತರು. ಅವರನ್ನೆಲ್ಲ ಒಯ್ದವನು ನಾನೇ. ಗೋಡೆಯ ಹೊರಗೆ ಪೇಟೆಯ ಜನ ಒಬ್ಬರ ಮೇಲೊಬ್ಬರು ಕೂಡಬೇಕಾಯಿತು. ದ್ಯಾಮಣ್ಣ “ಸರದ ಕುಂಡ್ರು ಅಣ್ಣಾ” ಎನ್ನುವುದು ಹೆಚ್ಚಾಯಿತು.

ಜಾಗ ಎಲ್ಲರದೆಂದು ಪೇಟೆಯ ಹಿರಿಯರು ಕೋರ್ಟಿಗೆ ಹೋದರು. ರಾಚಪ್ಪ ಅಳವಂಡಿ ಎಂಬ ಜಡ್ಜ್ ಸಾಹೇಬರ ಮುಂದೆ ಕೇಸು ಬಂತು. ಸಾಹೇಬರು ಒಳ್ಳೆಯವರೆಂದೇ ಎಲ್ಲರೂ ಹೇಳುತ್ತಿದ್ದರು. ಯಾರನ್ನೂ ಗದರಿದವರಲ್ಲ. ಮುಂದಿನ ತಾರೀಖು ಕೊಡುತ್ತಿದ್ದರು, ಅಷ್ಟೇ. ಅರ್ಜಿಗೆ ಸಹಿ ಹಾಕಿದ್ದ ಹಿರಿಯರು ತಾರೀಖಿಗೆ ಹೋಗಿಬಂದು ದಣಿದು, ಒಬ್ಬೊಬ್ಬರಾಗಿ ನನ್ನಲ್ಲಿ ಬಂದು ಕುಳಿತರು. ಸಾಹೇಬರು ಬಡ್ತಿ ಸಿಕ್ಕಿ ಬೇರೆ ಊರಿಗೆ ಹೋದರು. ಕೇಸು ಎಲ್ಲಿ ಹೋಯಿತೋ ನನಗೆ ತಿಳಿಯದು.

ಪೆನ್ಶನ್ನಾದ ಮೇಲೆ ಸಾಹೇಬರು ನಮ್ಮೂರಲ್ಲೇ ಮನೆ ಕಟ್ಟಿಸಿದ್ದರು, ನಮ್ಮೂರಲ್ಲೇ ತೀರಿಕೊಂಡರು. ಮಕ್ಕಳು ಗೋಡೆಯೊಳಗೆ ಜಾಗ ಕೇಳಿದರು. ಕೂಡಲೇ ಸಿಕ್ಕಿತು. ಕರಿ ಕೋಟಿನ ವಕೀಲರು ನನಗೆ ಹೆಗಲು ಕೊಟ್ಟರು. ದ್ಯಾಮಣ್ಣ ಕುಣಿಯೊಳಗಿಂದ ತೋಳು ಚಾಚಿ, “ಬರ್ರಿ ಸಾಹೇಬ್ರ. ಇವತ್ತ ಮುಂದಿನ ತಾರೀಖ ಕೊಡಾಕ ಬರಂಗಿಲ್ಲ,” ಎಂದ. ವಕೀಲರು ತುಟಿ ಕಚ್ಚಿಕೊಂಡು ಬೇವಿನ ಗಿಡದ ಕಡೆ ನೋಡಿದರು. ದ್ಯಾಮಣ್ಣ ಮಾತ್ರ ನಗಲಿಲ್ಲ. ಸಾಹೇಬರ ಜೋತುಬಿದ್ದ ತಲೆಯನ್ನು ಎತ್ತಿ, ಕೆಳಗೆ ವಿಭೂತಿಯ ಗಟ್ಟಿ ಇಟ್ಟು, ಬೀಳದಂತೆ ಮಾಡಿದ.

ನಂತರ ಬಾಪುಗೌಡರ ಸರದಿ. ಅವರು ತೀರಿಕೊಂಡದ್ದು ರಾಜಧಾನಿಯ ದೊಡ್ಡ ಆಸ್ಪತ್ರೆಯಲ್ಲಿ. ಅಲ್ಲಿ ದರ್ಶನಕ್ಕಿಟ್ಟರು, ಜಿಲ್ಲೆಯ ಮೈದಾನದಲ್ಲಿಟ್ಟರು, ದೊಡ್ಡವರು ಬರುವ ತನಕ ಕಾದರು. ಅಷ್ಟು ದಿನ ಗೌಡರು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಮಲಗಿದ್ದರು. ಊರಿಗೆ ಬರುವಷ್ಟರಲ್ಲಿ ಮೈ ಮರಗಟ್ಟಿತ್ತು. ಭಜನಾ ಮಂಡಳಿಯಿಂದ ನನ್ನನ್ನು ಇಸಿದುಕೊಂಡು ಹೋಗಿ, ಸೇವಂತಿಗೆಯಿಂದ ಮುಚ್ಚಿ, ಅವರ ಅಂಗಳದಲ್ಲಿ ನಿಲ್ಲಿಸಿದ್ದರು. ಮಠದ ಅಯ್ಯನವರು ಬಂದರು, ಬಂಧುಗಳು ಬಂದರು. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಮೊಣಕಾಲು ಉಜ್ಜಿದರು. ಕಾಲು ಮಡಿಸಲಿಲ್ಲ. ಜೀವಮಾನವೆಲ್ಲ ಕುರ್ಚಿಯಲ್ಲಿ ಕೂಡಲು ಹೆಣಗಿದವರನ್ನು ಕಡೆಗೆ ಯಾರಿಂದಲೂ ಕೂಡಿಸಲಾಗಲಿಲ್ಲ.

ಮಗ ಅಮರೇಗೌಡ ತಲೆಬಾಗಿಲಿಗೆ ಬಂದು ಇಣುಕಿ ನೋಡಿದ. ಹೊರಗೆ ಜನ, ಟೀವಿಯವರು, ಪೊಲೀಸರ ಬಂದೂಕುಗಳ ಸಾಲು. ಆಮೇಲೆ ಒಳಗಿನಿಂದ ಗೌಡರ ದೊಡ್ಡ ಫೋಟೊ ತಂದು ನನ್ನ ಮಣೆಯ ಮೇಲೆ ಕೂಡಿಸಿ, ಶಾಲಿನಿಂದ ಕಟ್ಟಿದರು. ಮುಂದೆ ಫೋಟೊ ಹೊತ್ತ ನಾನು, ಹಿಂದೆ ಮುಚ್ಚಿದ ಗಾಡಿಯಲ್ಲಿ ಮಲಗಿದ ಗೌಡರು. ಅಷ್ಟು ಜನ ನನ್ನನ್ನು ಎಂದೂ ಹೊತ್ತಿರಲಿಲ್ಲ. ಅಷ್ಟು ಖಾಲಿಯಾಗಿ ನಾನು ಎಂದೂ ಹೋಗಿರಲಿಲ್ಲ.

ಗೋಡೆಯೊಳಗೆ ಜನರನ್ನು ಬಿಡಲಿಲ್ಲ. ಕೂಡಲು ತೋಡಿದ್ದ ಕುಣಿಯನ್ನು ದ್ಯಾಮಣ್ಣ ಅವಸರದಲ್ಲಿ ಉದ್ದ ಮಾಡಬೇಕಾಯಿತು. ಪೆಟ್ಟಿಗೆ ಇಳಿಯುವಾಗ ಅವನು ಮೆಲ್ಲಗೆ, “ಕುಂಡ್ರಾಕ ಆಗಲಿಲ್ಲಲ್ರೀ ಗೌಡ್ರ,” ಎಂದ. ಆ ದನಿಯಲ್ಲಿ ಕುಹಕವಿರಲಿಲ್ಲ. ಅವನಿಗೆ ನಿಜವಾಗಿ ಮರುಕವಾಗಿತ್ತು. ಆ ಹೊತ್ತಿಗೆ ಹೊರಗೆ ಮೈಕಿನಲ್ಲಿ ಮುಖಂಡರೊಬ್ಬರು, ಯೋಗಿಯಂತೆ ಕುಳಿತು ಹೊರಟರು ನಮ್ಮ ನಾಯಕರು ಎನ್ನುತ್ತಿದ್ದರು.

ನನ್ನನ್ನು ಮರಳಿ ಕೊಡಲಿಲ್ಲ. ಭಜನಾ ಮಂಡಳಿಯವರು ಹೋಗಿ ಕೇಳಿದರೆ ಇಂದು ಬಾ, ನಾಳೆ ಬಾ. ಸಮಾಧಿಯ ಪಕ್ಕದಲ್ಲಿ ಸ್ಮಾರಕ ಭವನ ಎದ್ದಿತು. ನನಗೆ ಮಿರುಗುವ ಬಣ್ಣ ಬಳಿದು ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದರು. ಮುಂದೊಂದು ಹಿತ್ತಾಳೆಯ ಫಲಕ: ‘ಜನನಾಯಕರು ಅಂತಿಮ ಯಾತ್ರೆಯಲ್ಲಿ ಆಸೀನರಾಗಿದ್ದ ವಿಮಾನ.’ ಶಾಲೆಯ ಮಕ್ಕಳು ಬಂದು ಅದನ್ನು ಗಟ್ಟಿಯಾಗಿ ಓದಿ, ಕೈಮುಗಿದು ಹೋಗುತ್ತಾರೆ. ನನಗೆ ಬಾಯಿದ್ದರೆ ಹೇಳುತ್ತಿದ್ದೆ: ಮಕ್ಕಳೇ, ಇಲ್ಲಿ ಕುಳಿತವರು ಬಸ್‌ಸ್ಟ್ಯಾಂಡಿನ ಒಬ್ಬ ಅನಾಮಿಕ, ಬಾಗಿಲು ಬಿಚ್ಚಿ ಕೊಟ್ಟ ಒಬ್ಬ ಮುದುಕಿ, ತಾರೀಖಿಗೆ ಅಲೆದ ಹಿರಿಯರು. ಫಲಕದಲ್ಲಿರುವವರೊಬ್ಬರೇ ಕೂಡಲಿಲ್ಲ.

ಗಾಜಿನ ಆಚೆ ಕಿಟಕಿ, ಕಿಟಕಿಯ ಆಚೆ ಗೋಡೆ. ಗೋಡೆ ಒಂದು ಕಡೆ ಕುಸಿದಿದೆ. ಅಲ್ಲಿಂದ ನನಗೆ ಹೊರಗಿನ ರುದ್ರಭೂಮಿ ಕಾಣುತ್ತದೆ. ಈಗ ಪೇಟೆಯವರಿಗೆ ಪುರಸಭೆಯ ವ್ಯಾನು ಬಂದಿದೆ. ಅದರೊಳಗೆ ಮಲಗಿಸಬೇಕು. ಕೂಡಿಸಲೇಬೇಕೆನ್ನುವವರು ಪ್ಲಾಸ್ಟಿಕ್ ಕುರ್ಚಿಗೆ ಬಿದಿರು ಕಟ್ಟುತ್ತಾರೆ. ಒಮ್ಮೆ ಅಂಥದೊಂದರ ಕಾಲು ಮುರಿದು, ಹೆಣ್ಣುಮಗಳೊಬ್ಬಳು ಹೆಗಲ ಮೇಲಿಂದ ಜಾರಿದ್ದನ್ನು ಕಂಡೆ. ದ್ಯಾಮಣ್ಣ ಓಡಿ ಬಂದು ಅವಳನ್ನು ತೋಳಲ್ಲಿ ಹಿಡಿದ. ಅಂದು ಅವನು ಬಹಳ ಹೊತ್ತು ನನ್ನ ಕಿಟಕಿಯ ಕಡೆ ನೋಡುತ್ತ ನಿಂತಿದ್ದ.

ನನಗೂ ವಯಸ್ಸಾಯಿತು. ಬಣ್ಣದ ಕೆಳಗೆ ಹುಳ ಕೊರೆಯುತ್ತಿದೆ. ಹಾಡು ಕೇಳಿ ಎಷ್ಟು ಕಾಲವಾಯಿತೋ. ಕೇಳಿದ ಪದಗಳನ್ನು ಒಳಗೊಳಗೇ ಹೇಳಿಕೊಳ್ಳುತ್ತೇನೆ. ಒಂದೊಂದು ಸಾಲು ಬಿಟ್ಟುಹೋಗುತ್ತದೆ. ಮೈ ಬಾಡಿಗೆಯ ಮನೆ ಎಂದು ಹಾಡಿದರಲ್ಲ, ಆ ಮನೆಯಿಂದ ಏಳಲು ಬಿಡದೆ ಕೀಲಿ ಹಾಕುವವರ ಬಗ್ಗೆ ಶರಣರು ಏನು ಹೇಳಿದ್ದರು? ಎಷ್ಟು ಹುಡುಕಿದರೂ ನೆನಪಾಗುವುದಿಲ್ಲ. ಶಿವನನ್ನು ಕೇಳೋಣವೆಂದರೆ ಈ ಭವನದೊಳಗೆ ಇರುವುದು ಗೌಡರ ಫೋಟೊ ಮಾತ್ರ. ಆದರೂ ನನ್ನ ಕಾಲಲ್ಲಿ ಇನ್ನೊಬ್ಬನನ್ನು ಹೊರುವಷ್ಟು ಬಲ ಉಳಿದಿತ್ತು. ಅದನ್ನು ದ್ಯಾಮಣ್ಣನಿಗೆಂದೇ ಉಳಿಸಿಕೊಂಡಿದ್ದೆ.

ಇಂದು ಬೆಳಿಗ್ಗೆ ಸಾವಂತ್ರೆವ್ವ ಬಂದಳು. ಜೊತೆಗೆ ಓಣಿಯ ಇಬ್ಬರು ಗಂಡಸರು. ಗೌಡರ ಪುಣ್ಯತಿಥಿ ಹತ್ತಿರವಾದದ್ದರಿಂದ ಅಮರೇಗೌಡ ಭವನಕ್ಕೆ ಬಂದಿದ್ದ. ಅವನೂ ಈಗ ಶಾಸಕ. ಅವಳ ಹಣೆ ನೋಡಿದೊಡನೆ ನನಗೆ ತಿಳಿಯಿತು.

“ಯಪ್ಪಾ, ನಮ್ಮಾಂವ ಹೋದ,” ಎಂದಳು.

“ಅಯ್ಯೋ, ದ್ಯಾಮಣ್ಣ? ಯಾವಾಗಬೇ? ಛೇ ಛೇ. ನಮ್ಮ ಮನಿಯವರಿಗೆಲ್ಲಾ ಮಣ್ಣ ಮಾಡಿದಾಂವ. ಏನ ಬೇಕ ಹೇಳು. ಹೂವ ಕಳಸ್ಲೇನ? ಬ್ಯಾಂಡ್ ಕಳಸ್ಲೇನ? ವ್ಯಾನಿಗೆ ಈಗ ಫೋನ್ ಮಾಡ್ತೀನಿ.”

“ವ್ಯಾನ್ ಬ್ಯಾಡ್ರಿ. ಅಂವ ಕುಂತಾನ. ಗ್ವಾಡಿಗೆ ಆತು, ಕಾಲ ಮಡಚಿ, ಚೊಲೊ ಕುಂತಾನ. ವ್ಯಾನಿನ್ಯಾಗ ಹಾಕಿದ್ರ ಮತ್ತ ಮಲಗಸಬೇಕಾಕ್ಕೈತಿ.” ಅವಳು ನನ್ನ ಕಡೆ ಕೈ ತೋರಿದಳು. “ಅದನ್ನ ಕೊಡ್ರಿ. ಸಂಜಿ ಅನ್ನೂದ್ರಾಗ ತೊಳದ ತಂದ ಇಡ್ತೀವಿ.”

ಅಮರೇಗೌಡ ನಕ್ಕ. ನಗು ಅರ್ಧಕ್ಕೇ ನಿಂತಿತು. “ಅದು ಅಪ್ಪಾರು ಕುಂತದ್ದಬೇ.”

ಜೊತೆಗೆ ಬಂದವನೊಬ್ಬ ಅವಳ ಸೆರಗು ಜಗ್ಗಿದ. ಅವಳು ಬಿಡಿಸಿಕೊಂಡಳು.

“ಅಪ್ಪಾರು ಕುಂತಿಲ್ರಿ. ನಿಮಗೂ ಗೊತ್ತೈತಿ. ನಮ್ಮಾಂವ ಕುಣಿಯಾಗ ನಿಂತು ಕಣ್ಲೆ ನೋಡ್ಯಾನ. ನೋಡಿ, ಇವತ್ತಿನ ತನಕ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ನಾನೂ ಬಿಡಂಗಿಲ್ಲ. ಮಾತ ಕೊಟ್ಟೀನ್ರಿ ಅವಗ, ಕೂಡಸ್ತೀನಿ ಅಂತ. ಇದೊಂದ ಸಲ ಕೊಡ್ರಿ.”

ಕಾವಲುಗಾರ ಕೀಲಿಗೊಂಚಲು ಹಿಡಿದು ಗೌಡನ ಮುಖ ನೋಡುತ್ತಿದ್ದ. ಅಮರೇಗೌಡ ಗಾಜಿನ ಹತ್ತಿರ ಬಂದ. ನನ್ನ ಖಾಲಿ ಮಣೆಯನ್ನು ನೋಡಿದ. ಅವನ ಉಸಿರು ಗಾಜಿನ ಮೇಲೆ ಮಂಜು ಕಟ್ಟಿತು. ಹುಳ ಕೊರೆದ ನನ್ನ ಮೈಯೆಲ್ಲ ಬಿಗಿಯಾಗಿ, ಹೆಗಲಿಗೆ ಏರುವಾಗ ಆಗುತ್ತಿದ್ದಂತೆ ಆಯಿತು. ಅವನು ಅಂಗೈಯಿಂದ ಗಾಜನ್ನು ಒರೆಸಿ, ಅವಳ ಕಡೆ ತಿರುಗದೆಯೇ ಹೇಳಿದ:

“ಇಲ್ಲ. ಕೊಡೂದಿಲ್ಲ.”