ಹಿಂದಿನ ಕೋಣೆಯ ಗೋಡೆ

ಮಾರನೆಯ ದಿನ ಕೊಳ್ಳಲಿದ್ದ ಮನೆಯ ನೋಂದಣಿ. ಅದಕ್ಕೆ ಮುಂಚೆ ಮನೆಯನ್ನು ಕೊನೆಯ ಸಲ ನೋಡಿ, ಎಲ್ಲ ಸರಿಯಾಗಿದೆ ಎಂದು ಒಂದು ಹಾಳೆಗೆ ರುಜು ಹಾಕಿಕೊಡಬೇಕಿತ್ತು. ದಲ್ಲಾಳಿ ಬೀಗ ತೆಗೆಯುತ್ತಿದ್ದಂತೆ ಹೆಂಡತಿ ಗಂಡನ ಕಡೆ ತಿರುಗಿದಳು.

"ಗೋಡೆ, ಸೂರು ಎಲ್ಲ ನೀವು ನೋಡ್ಕೊಳ್ಳಿ. ನನಗೆ ಅದೆಲ್ಲ ಏನು ಗೊತ್ತಾಗುತ್ತೆ? ನಾನು ನಲ್ಲಿ, ಚಿಲಕ ನೋಡ್ತೀನಿ."

ಅವಳು ಹಾಗೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇಪ್ಪತ್ತೆಂಟು ವರ್ಷ ಮನೆಗಳಿಗೆ ಬಣ್ಣ ಬಳಿದ ಕೈ ಅವನದು. ಕಟ್ಟಡದವರೆಲ್ಲ ಅವನನ್ನು ಗೋಡೆ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಬಾಗಿಲಲ್ಲಿ ನಿಂತೇ, ಎಲ್ಲಿ ಗಾರೆ ಸಡಿಲಾಗಿದೆ, ಎಲ್ಲಿ ತೇವ ಹಿಡಿದಿದೆ ಎಂದು ಹೇಳಿಬಿಡುತ್ತಿದ್ದ. ಅದೆಲ್ಲ ಹೋದ ವರ್ಷದವರೆಗಿನ ಮಾತು. ಈಗ ಎತ್ತ ನೋಡಿದರೂ ನೋಟದ ನಟ್ಟನಡುವೆ ಒಂದು ಬೂದಿ ಬಣ್ಣದ ಕಲೆ. ಅಂಚಿನಲ್ಲಿ ಅಷ್ಟೋ ಇಷ್ಟೋ ಕಾಣುತ್ತಿತ್ತು. ಕಣ್ಣಿನ ಡಾಕ್ಟರು, "ಹೋಗಿರೋದು ವಾಪಸ್ ಬರಲ್ಲ. ಉಳಿದಿರೋದೂ ನಿಧಾನಕ್ಕೆ ಹೋಗುತ್ತೆ," ಎಂದಿದ್ದರು. ಅದನ್ನು ಅವನು ಯಾರ ಕಿವಿಗೂ ಹಾಕಿರಲಿಲ್ಲ.

ಮುಂದಿನ ಕೋಣೆಯಲ್ಲಿ ಅವನು ಗೋಡೆಗೆ ಅಂಗೈ ಇಟ್ಟು ನಿಧಾನವಾಗಿ ಸವರುತ್ತಾ ಹೋದ. ಅಲ್ಲಲ್ಲಿ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. "ಇಲ್ಲಿ ಸ್ವಲ್ಪ ಟೊಳ್ಳು. ಪರವಾಗಿಲ್ಲ, ತಡ್ಕೊಳ್ಳುತ್ತೆ."

"ಅಬ್ಬಬ್ಬಾ! ಕಣ್ಣು ಮುಚ್ಕೊಂಡೇ ಮನೆ ನೋಡೋರು ನೀವು," ಎಂದ ದಲ್ಲಾಳಿ. ಗಂಡ ಬೇಕಾದ್ದಕ್ಕಿಂತ ಜೋರಾಗಿ ನಕ್ಕ.

ಹಿಂದಿನ ಕೋಣೆಗೆ ಬಂದಾಗ ದಲ್ಲಾಳಿ ಯಾಕೋ ಹೊಸ್ತಿಲಲ್ಲೇ ನಿಂತ. ಗಂಡ ಬಾಗಿಲ ಪಕ್ಕದ ಗೋಡೆಯನ್ನು ಸವರಿದ. ಒಣಗಿತ್ತು, ನುಣ್ಣಗಿತ್ತು. ಎದುರಿನ ಗೋಡೆಯ ಕಡೆ ಮುಖವೆತ್ತಿ, ನೋಡಿದವನ ಹಾಗೆ ಎರಡು ನಿಮಿಷ ನಿಂತು, "ಇದೂ ಸರಿ ಇದೆ," ಎಂದ.

"ಹಾಗಾದ್ರೆ ಇಲ್ಲೊಂದು ರುಜು," ದಲ್ಲಾಳಿ ಲಗುಬಗೆಯಿಂದ ಪೆನ್ನು ಕೊಟ್ಟು, ಹಾಳೆ ಚಾಚಿ, ಎಲ್ಲಿ ಎಂದು ಬೆರಳಿಟ್ಟು ತೋರಿಸಿದ. ಅಷ್ಟರಲ್ಲಿ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದಳು. ಬಂದವಳು ಹಾಗೇ ನಿಂತುಬಿಟ್ಟಳು.

ಎದುರಿನ ಗೋಡೆಯ ಮೇಲೆ, ಸೂರಿನಿಂದ ಕೆಳಗಿನವರೆಗೆ, ಹಾಸಿಗೆಯಷ್ಟು ಅಗಲದ ಕಪ್ಪು ತೇವ ಇಳಿದಿತ್ತು. ಬಣ್ಣ ಗುಳ್ಳೆಯೆದ್ದು, ಒಡೆದು, ನೆಲದ ಮೇಲೆ ಚಕ್ಕೆಚಕ್ಕೆಯಾಗಿ ಬಿದ್ದಿತ್ತು.

"ಏನು ಸರಿ ಇದೆ?" ಎಂದಳು.

"ಗೋಡೆ."

ಅವಳು ಗೋಡೆ ನೋಡಿದಳು, ಗಂಡನ ಮುಖ ನೋಡಿದಳು. ಪೇಪರ್ ಓದುವುದನ್ನು ಬಿಟ್ಟದ್ದು, ಲೋಟ ಇಡುವಾಗ ಮೊದಲು ಮೇಜನ್ನು ತಡವುತ್ತಿದ್ದದ್ದು, ಇಬ್ಬರು ಮೇಸ್ತ್ರಿಗಳು ಕೆಲಸಕ್ಕೆ ಕರೆಯುವುದನ್ನೇ ನಿಲ್ಲಿಸಿದ್ದು ಎಲ್ಲ ಅವಳಿಗೆ ಒಟ್ಟಿಗೇ ಅರ್ಥವಾಯಿತು.

"ಎಷ್ಟು ದಿನ ಆಯ್ತು?"

"ಮೂರೇ ದಿನ ಮೇಡಂ," ದಲ್ಲಾಳಿ ತಡಬಡಾಯಿಸಿದ. "ಮೇಲಿನ ಪೈಪ್ ಒಡೀತು. ಮಾಲೀಕರು ಸರಿ ಮಾಡಿಸ್ತಾರೆ."

"ನಿಮ್ಮನ್ನಲ್ಲ ಕೇಳಿದ್ದು."

ಗಂಡನ ಕೈಯಲ್ಲಿ ಪೆನ್ನು ಇನ್ನೂ ಇತ್ತು. "ಒಂದು ವರ್ಷ," ಎಂದ.

ದಲ್ಲಾಳಿ ಫೋನು ಬಂದವನಂತೆ ಹೊರಗೆ ಹೋದ. ಅವಳು ಪೆನ್ನನ್ನು ಮೆಲ್ಲಗೆ ಗಂಡನ ಬೆರಳುಗಳಿಂದ ಬಿಡಿಸಿಕೊಂಡಳು.

"ನಿಮ್ಮ ದುಡಿಮೆ ನಂಬಿ ಬ್ಯಾಂಕಿನವರು ಸಾಲ ಕೊಡ್ತಿದಾರೆ. ನನ್ನೊಬ್ಬಳ ಲಾಂಡ್ರಿ ಕೆಲಸದಲ್ಲಿ ಹದಿನೈದು ವರ್ಷ ಎಲ್ಲಿಂದ ಕಟ್ಟಲಿ? ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ."

"ಎರಡು ವರ್ಷಕ್ಕೊಂದು ಮನೆ ಬದಲಾಯಿಸ್ತೀವಿ ಕಣೇ." ಅವನು ಪಕ್ಕದ ಗೋಡೆಗೆ ಅಂಗೈ ಇಟ್ಟ. "ಕುರುಡ ಎಷ್ಟು ಮನೆ ಕಲೀತಾನೆ? ಇಷ್ಟು ಕಾಣಿಸ್ತಿರೋವಾಗಲೇ ಒಂದು ಮನೆ ಕಲಿತುಬಿಡೋಣ ಅಂದ್ಕೊಂಡೆ. ಎಲ್ಲಿ ಬಾಗಿಲು, ಎಲ್ಲಿ ಕಿಟಕಿ... ಅಷ್ಟೇ."

ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತಳು. ಅತ್ತು ಮುಗಿದ ಮೇಲೂ ಅವಳ ತೀರ್ಮಾನ ಬದಲಾಗಲಿಲ್ಲ. ರುಜು ಇಲ್ಲದ ಹಾಳೆಯನ್ನು ದಲ್ಲಾಳಿಗೆ ಕೊಟ್ಟು, "ನಾಳೆ ನಾವು ಬರೋದಿಲ್ಲ," ಎಂದಳು. ಮುಂಗಡದ ಹಣ ವಾಪಸ್ ಬರುವುದಿಲ್ಲ ಎಂದು ಅವನು ಬೀದಿಯವರೆಗೂ ಹಿಂದೆ ಬಂದು ಹೇಳಿದ. ಅವಳು ತಿರುಗಿ ನೋಡಲಿಲ್ಲ.

ಈಗಿರುವ ಮನೆಯನ್ನು ತಿಂಗಳ ಕೊನೆಗೆ ಬಿಡುತ್ತೇವೆಂದು ಬರೆದುಕೊಟ್ಟಾಗಿತ್ತು. ಉಳಿದದ್ದು ಒಂಬತ್ತು ದಿನ. ಆ ಮಧ್ಯಾಹ್ನವೇ ಇಬ್ಬರೂ ಬೀದಿ ಬೀದಿ ಸುತ್ತಿದರು. ಬಾಡಿಗೆಗೆ ಎಂಬ ಬೋರ್ಡುಗಳನ್ನು ಅವಳು ಓದುತ್ತಾ ಮುಂದೆ, ಅವನು ಅರ್ಧ ಹೆಜ್ಜೆ ಹಿಂದೆ. ಇದುವರೆಗೆ ಹೇಗೋ ನಡೆಯುತ್ತಿದ್ದವನಿಗೆ, ಗುಟ್ಟು ರಟ್ಟಾದ ಮೇಲೆ ಕಾಲುಗಳೇ ನೆಲವನ್ನು ನಂಬುತ್ತಿರಲಿಲ್ಲ.

ಮೂರನೆಯ ಬೀದಿಯ ಒಂದು ಮನೆಯೊಳಗೆ ಅವಳು ಹೋದಳು. ಅವನು ಗೇಟು ಹಿಡಿದು ಹೊರಗೇ ನಿಂತ. ಒಳಗಿನಿಂದ ಯಾರೋ ಹೆಂಗಸು ಕೇಳುವುದು ಕೇಳಿಸಿತು:

"ನಿಮ್ಮ ಮನೆಯವರಿಗೆ ಏನು ಕೆಲಸ?"

"ಪೇಂಟರ್ ಆಗಿದ್ರು," ಎಂದಳು ಹೆಂಡತಿ.

ಹೊರಬಂದು, "ಮೆಟ್ಟಿಲು ಜಾಸ್ತಿ, ಅದೂ ಕಡಿದು. ಬೇಡ," ಎಂದಷ್ಟೇ ಹೇಳಿ ಮುಂದಿನ ಬೀದಿಗೆ ತಿರುಗಿದಳು.